ರೋಗದ ಲೆಕ್ಕ ಯಾರ ಕೈಯಲ್ಲಿ?

ಸರ್ಕಾರಿ ಆಸ್ಪತ್ರೆಗಳಲ್ಲಿ ಚೀಟಿ ಮಾಡಿಸುವ ಕಿಟಕಿಯ ಮುಂದೆ ನಿಂತವರಿಗೆ ಈಗ ಹೆಸರು, ವಯಸ್ಸು, ಊರುಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತಿದೆ: “ಆಭಾ ನಂಬರು ಇದೆಯೆ?” ಇದ್ದವರು ಮೊಬೈಲು ತೋರಿಸಿ ಚೀಟಿ ಪಡೆಯುತ್ತಾರೆ. ಇಲ್ಲದವರು ಆಧಾರ್ ಕಾರ್ಡು ಕೊಟ್ಟು ನಂಬರು ಮಾಡಿಸಿಕೊಳ್ಳುತ್ತಾರೆ. ಹದಿನಾಲ್ಕು ಅಂಕಿಗಳ ಈ ನಂಬರು ಏತಕ್ಕೆ, ಅದರ ಹಿಂದೆ ಏನೇನು ಸೇರುತ್ತದೆ, ಅದನ್ನು ಯಾರು ಯಾರು ನೋಡಬಹುದು ಎಂದು ಕೇಳುವ ವ್ಯವಧಾನ ಜ್ವರದ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಇರುವುದಿಲ್ಲ. ವಿವರಿಸಿ ಹೇಳುವ ವ್ಯವಧಾನ ಕಿಟಕಿಯೊಳಗಿನ ನೌಕರನಿಗೂ ಇರುವುದಿಲ್ಲ. ಆದ್ದರಿಂದ ಆ ಮಾತನ್ನು ನಾವು ಇಲ್ಲಿ ಆಡಬೇಕಾಗಿದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಜನರ ಕೈಯಲ್ಲಿ ಈಗ ಎರಡು ಬಗೆಯ ಕಾರ್ಡುಗಳಿವೆ. ಒಂದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯದು. ಆಸ್ಪತ್ರೆಯ ಖರ್ಚನ್ನು ಸರ್ಕಾರ ಭರಿಸುವುದಕ್ಕೆ ಅದು ಆಧಾರ. ಇನ್ನೊಂದು ಈ ಆಭಾ ನಂಬರು. ಇದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಪುಕ್ಕಟೆಯಾಗುವುದಿಲ್ಲ. ಬೇರೆ ಬೇರೆ ಆಸ್ಪತ್ರೆ, ಲ್ಯಾಬು, ಔಷಧ ಅಂಗಡಿಗಳಲ್ಲಿ ಬಿದ್ದಿರುವ ಒಬ್ಬನ ರೋಗದ ಕಾಗದಗಳನ್ನು ಒಂದೇ ದಾರದಲ್ಲಿ ಪೋಣಿಸುವುದು ಇದರ ಕೆಲಸ. 2020ರ ಆಗಸ್ಟ್ 15ರಂದು ಪ್ರಧಾನಿಯವರು ಕೆಂಪು ಕೋಟೆಯ ಭಾಷಣದಲ್ಲಿ ಈ ಯೋಜನೆಯನ್ನು ಸಾರಿದರು. 2021ರ ಸೆಪ್ಟೆಂಬರ್ 27ರಂದು ಅದನ್ನು ಇಡೀ ದೇಶಕ್ಕೆ ವಿಸ್ತರಿಸಲಾಯಿತು. ಇದು ಸ್ವಇಚ್ಛೆಯದು, ಯಾರಿಗೂ ಕಡ್ಡಾಯವಲ್ಲ ಎಂದು ಸರ್ಕಾರ ಮೊದಲಿನಿಂದ ಹೇಳುತ್ತ ಬಂದಿದೆ. ಆದರೂ 2021ರಲ್ಲಿ ಕೋವಿಡ್ ಲಸಿಕೆಗೆಂದು ಆಧಾರ್ ತೋರಿಸಿದ ಅನೇಕರಿಗೆ ಅವರು ಕೇಳದೆಯೇ ಈ ನಂಬರು ಬಂದು ಕೂತಿತ್ತೆಂದು ಆಗಲೇ ಪತ್ರಿಕೆಗಳು ವರದಿ ಮಾಡಿದ್ದವು. ನಮ್ಮಲ್ಲಿ ಸ್ವಇಚ್ಛೆ ಎಂಬ ಮಾತಿಗೆ ಎಷ್ಟು ಬೆಲೆ ಎಂಬುದನ್ನು ತಿಳಿಯಲು ಇಷ್ಟು ಸಾಕು.

ರೋಗದ ದಾಖಲೆಯನ್ನು ಕಾರ್ಡಿನ ಜೊತೆ ಜೋಡಿಸುವುದೇ ತಪ್ಪೆಂದು ನಾವು ವಾದಿಸುತ್ತಿಲ್ಲ. ಮಿಲ್ಲಿನ ಕೆಲಸಗಾರನ ಮನೆಯಲ್ಲಿ ರೋಗದ ಕಾಗದಗಳು ಹೇಗಿರುತ್ತವೆ ಎಂಬುದು ಎಲ್ಲರಿಗೂ ಗೊತ್ತಿದೆ. ಪ್ಲಾಸ್ಟಿಕ್ ಚೀಲದೊಳಗೆ ಮಡಿಕೆ ಹರಿದ ಚೀಟಿಗಳು, ಅಕ್ಷರ ಮಾಸಿದ ರಕ್ತಪರೀಕ್ಷೆಯ ವರದಿಗಳು, ಗೋಡೆಯ ಮೊಳೆಗೆ ನೇತುಹಾಕಿದ ಎಕ್ಸ್‌ರೇ. ಜಿಲ್ಲಾ ಆಸ್ಪತ್ರೆಯಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಕಳಿಸಿದರೆ ಅಲ್ಲಿ ಅದೇ ಪರೀಕ್ಷೆ ಮತ್ತೆ ಮಾಡಿಸಬೇಕು, ಮತ್ತೆ ದುಡ್ಡು ಕಟ್ಟಬೇಕು. ದಾರಿಯಲ್ಲಿ ಎಚ್ಚರ ತಪ್ಪಿ ಬಿದ್ದವನಿಗೆ ಸಕ್ಕರೆ ಕಾಯಿಲೆ ಇದೆ, ಇಂಥ ಔಷಧಿ ಅವನ ಮೈಗೆ ಒಗ್ಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ ಎಂಬ ನಾಲ್ಕು ಮಾತು ವೈದ್ಯನಿಗೆ ಆ ಕ್ಷಣದಲ್ಲಿ ತಿಳಿದರೆ ಒಂದು ಜೀವ ಉಳಿಯಬಹುದು. ಇವೆಲ್ಲ ನಿಜವಾದ ಉಪಯೋಗಗಳು. ಊರೂರು ಅಲೆದು ದುಡಿಯುವ ವಲಸೆಯ ಕೂಲಿಗಾರನಿಗಂತೂ ಇವು ಉಳ್ಳವರಿಗಿಂತ ಹೆಚ್ಚು ಬೇಕಾದುವು.

ಆದ್ದರಿಂದ ಲೆಕ್ಕ ಇಡಬೇಕೆ, ಬೇಡವೆ ಎಂಬುದು ನಮ್ಮ ಪ್ರಶ್ನೆಯಲ್ಲ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕು ಎಂಬುದು ಪ್ರಶ್ನೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಭತ್ತ ಅಳೆಯುವ ಕೊಳಗದ ಗಾತ್ರವೂ ಜಗಳದ ಮೂಲಗಳಲ್ಲಿ ಒಂದಾಗಿತ್ತು. ಅಳತೆ ಇರಬಾರದೆಂದು ಆ ರೈತರು ಹೇಳಲಿಲ್ಲ. ಒಡೆಯನ ಮನೆಯ ಕೊಳಗದಲ್ಲಿ ಅಳೆಯುವುದನ್ನು ಒಪ್ಪುವುದಿಲ್ಲ ಎಂದರು. ಇಂದಿನ ವಿಷಯದಲ್ಲಿ ನಾವು ಹೇಳಬೇಕಾದುದೂ ಅಂಥದೇ ಮಾತು.

ದುಡಿಯುವವನ ಮೇಲಿನ ದಾಖಲೆ ದುಡಿಸುವವನ ಕೈಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ಫ್ರಾನ್ಸಿನಲ್ಲಿ 1803ರಲ್ಲಿ, ನೆಪೋಲಿಯನ್ನನ ಆಳ್ವಿಕೆಯಲ್ಲಿ, ಪ್ರತಿಯೊಬ್ಬ ಕೆಲಸಗಾರನೂ ಒಂದು ಕಿರುಪುಸ್ತಕ ಇಟ್ಟುಕೊಳ್ಳತಕ್ಕದ್ದೆಂಬ ನಿಯಮ ಬಂತು. ಕೆಲಸಕ್ಕೆ ಸೇರುವಾಗ ಅದನ್ನು ಮಾಲೀಕನಿಗೆ ಒಪ್ಪಿಸಬೇಕು. ಬಿಡುವಾಗ ಅವನ ಸಹಿ ಆಗಬೇಕು. ಸಹಿ ಇಲ್ಲದವನಿಗೆ ಬೇರೆ ಕಡೆ ಕೆಲಸವಿಲ್ಲ. ಪುಸ್ತಕವಿಲ್ಲದೆ ಊರೂರು ಸುತ್ತುವವನು ಅಲೆಮಾರಿಯೆಂದು ಪೊಲೀಸರ ಕೈಗೆ ಸಿಗುತ್ತಿದ್ದನು. ಹೆಸರಿಗೆ ಅದು ಗುರುತಿನ ಪುಸ್ತಕ, ಕೆಲಸದಲ್ಲಿ ಕಾಲಿನ ಸಂಕೋಲೆ. ಅದು ಪೂರಾ ರದ್ದಾದದ್ದು 1890ರಲ್ಲಿ. ಒಂದು ಪುಸ್ತಕದಿಂದ ಬಿಡುಗಡೆ ಪಡೆಯಲು ಆ ದೇಶದ ಕಾರ್ಮಿಕರಿಗೆ 87 ವರ್ಷ ಹಿಡಿಯಿತು.

ಈಗ ನಮ್ಮ ಮಿಲ್ಲುಗಳಿಗೆ ಬರೋಣ. ಹತ್ತಿ ಮಿಲ್ಲಿನಲ್ಲಿ ಅರಳೆ ಬಿಡಿಸುವ ಬ್ಲೋ ರೂಮಿನಲ್ಲೂ ಕಾರ್ಡಿಂಗ್ ಖಾತೆಯಲ್ಲೂ ದೂಳು ಅತಿ ಹೆಚ್ಚು. ಅಲ್ಲಿ ವರ್ಷಗಟ್ಟಲೆ ದುಡಿದವರ ಶ್ವಾಸಕೋಶಕ್ಕೆ ತಗಲುವ ರೋಗಕ್ಕೆ ವೈದ್ಯರು ಬಿಸಿನೋಸಿಸ್ ಎನ್ನುತ್ತಾರೆ. ವಾರದ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುವುದು, ಕೆಮ್ಮು ಬರುವುದು ಇದರ ಮೊದಲ ಗುರುತು. ಮರುದಿನ ಸ್ವಲ್ಪ ಇಳಿಯುತ್ತದೆ. ವರ್ಷ ಕಳೆದಂತೆ ವಾರವಿಡೀ ಇರುತ್ತದೆ. ಕೊನೆಗೆ ಮಾಳಿಗೆಯ ನಾಲ್ಕು ಮೆಟ್ಟಿಲು ಹತ್ತುವುದೂ ಕಷ್ಟವಾಗುತ್ತದೆ. ಇದು ಕೆಲಸದಿಂದ ಬಂದ ರೋಗವೆಂದು ಕಾನೂನು ಒಪ್ಪಿದೆ. 1948ರ ಕಾರ್ಖಾನೆ ಕಾಯ್ದೆ ಇದನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಪರಿಹಾರ ಕೊಡಬೇಕಾದ ರೋಗಗಳ ಪಟ್ಟಿಯಲ್ಲೂ ಇದು ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲೂ ಇದೆ.

ಹೀಗಿರುವಾಗ ಬ್ಲೋ ರೂಮಿನ ಕೆಲಸಗಾರನೊಬ್ಬನ ಶ್ವಾಸಪರೀಕ್ಷೆಯ ಒಂದು ಹಾಳೆಯನ್ನು ತೆಗೆದುಕೊಳ್ಳಿ. ಅದು ಅವನ ಕೈಯಲ್ಲಿದ್ದರೆ ಪರಿಹಾರ ಕೇಳುವುದಕ್ಕೆ ಪುರಾವೆ. ಅದೇ ಹಾಳೆ ಅವನಿಗೆ ತಿಳಿಯುವ ಮೊದಲೇ ಮಾಲೀಕನ ಕೈಗೆ ಹೋದರೆ, ಗುತ್ತಿಗೆ ಮುಗಿಯಿತೆಂದು ಮನೆಗೆ ಕಳಿಸುವುದಕ್ಕೆ ಸೂಚನೆ. ಹಾಳೆ ಒಂದೇ, ಅದರ ಮೇಲಿನ ಅಕ್ಷರಗಳೂ ಅವೇ. ಮೊದಲು ಯಾರು ಓದಿದರು ಎಂಬುದರ ಮೇಲೆ ಒಂದು ಸಂಸಾರದ ಅನ್ನ ನಿಂತಿದೆ. ಖಾಯಂ ಕೆಲಸಗಾರರು ಕಡಮೆಯಾಗಿ ಗುತ್ತಿಗೆದಾರನ ಕೈಕೆಳಗೆ ದುಡಿಯುವವರೇ ಹೆಚ್ಚುತ್ತಿರುವ ಈ ದಿನಗಳಲ್ಲಿ ಕಾರಣ ಹೇಳದೆ ಕೆಲಸ ತಪ್ಪಿಸುವುದು ಕಷ್ಟದ ಮಾತೇನೂ ಅಲ್ಲ.

ಇಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಹೊಸ ಸಂಹಿತೆಗಳ ಪ್ರಕಾರ 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸುವುದು ಮಾಲೀಕರ ಹೊಣೆ ಎಂದು ಕೇಂದ್ರ ಸರ್ಕಾರ ಸಾರಿದೆ. ಕೇಳಲು ಒಳ್ಳೆಯ ಮಾತು; ಕಾರ್ಮಿಕ ಚಳವಳಿ ಬಹುಕಾಲದಿಂದ ಕೇಳುತ್ತ ಬಂದ ಮಾತೂ ಹೌದು. ಆದರೆ ದುಡ್ಡು ಕೊಟ್ಟವನು ಮಾಲೀಕ, ವೈದ್ಯನನ್ನು ಕರೆಸಿದವನು ಮಾಲೀಕ. ವರದಿ ಯಾರ ಮೇಜಿನ ಮೇಲೆ ಮೊದಲು ಹೋಗುತ್ತದೆ? ಆ ವರದಿಗೆ ಆಭಾ ನಂಬರು ಅಂಟಿಸಿದರೆ, ಅದರ ಜೊತೆ ಹಿಂದಿನ ಹತ್ತು ವರ್ಷದ ಕ್ಷಯ, ಬಸಿರು, ಮಾನಸಿಕ ತೊಂದರೆ, ಕುಡಿತ ಬಿಡಿಸುವ ಚಿಕಿತ್ಸೆ ಇವೆಲ್ಲವನ್ನೂ ತೆಗೆದು ತೋರಿಸು ಎಂದು ಕೇಳುವುದನ್ನು ತಡೆಯುವವರು ಯಾರು?

“ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ನೋಡಲಾರರು” ಎಂಬುದು ಸರ್ಕಾರದ ಉತ್ತರ. ರೋಗದ ವಿವರ ಕಾರ್ಡಿನ ಮೇಲೆ ಅಚ್ಚಾಗುವುದಿಲ್ಲ, ಒಂದೇ ಕಡೆ ಗುಡ್ಡೆಯೂ ಆಗುವುದಿಲ್ಲ, ಆಯಾ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇರುತ್ತದೆ, ರೋಗಿ ಒಪ್ಪಿದಾಗ ಮಾತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ ಎಂಬುದು ಯೋಜನೆಯ ಏರ್ಪಾಡು. ಕಾಗದದ ಮೇಲೆ ಈ ಏರ್ಪಾಡು ಕೆಟ್ಟದ್ದಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದೂ 2020ರ ಡಿಸೆಂಬರಿನಲ್ಲಿ ಒಪ್ಪಿದ ಆರೋಗ್ಯ ಮಾಹಿತಿ ನೀತಿ ಹೇಳುತ್ತದೆ. ಆದರೆ ಅದು ನೀತಿ, ಶಾಸನವಲ್ಲ. ಆರೋಗ್ಯ ಮಾಹಿತಿಯ ರಕ್ಷಣೆಗೆಂದೇ 2018ರಲ್ಲಿ ಒಂದು ಮಸೂದೆಯ ಕರಡು ತಯಾರಾಗಿತ್ತು. ಅದು ಶಾಸನವಾಗಲೇ ಇಲ್ಲ. ಅಲ್ಲದೆ ಮಿಲ್ಲಿನ ಗೇಟಿನಲ್ಲಿ ಕೆಲಸ ಕೇಳಿ ನಿಂತವನ ಒಪ್ಪಿಗೆ ಎಂಥ ಒಪ್ಪಿಗೆ? “ಇಲ್ಲಿ ಬೆರಳು ಒತ್ತು, ಇಲ್ಲದಿದ್ದರೆ ಮುಂದೆ ಹೋಗು” ಎಂದಾಗ ಹಸಿದವನು ಬೆರಳು ಒತ್ತುತ್ತಾನೆ. ಇಬ್ಬರು ಸಮಾನರ ನಡುವೆ ಒಪ್ಪಿಗೆಗೆ ಇರುವ ಅರ್ಥ ಧಣಿ ಮತ್ತು ಕೂಲಿಯವನ ನಡುವೆ ಇರುವುದಿಲ್ಲ. ಕಾರ್ಮಿಕ ಕಾನೂನುಗಳು ಹುಟ್ಟಿದ್ದೇ ಈ ಸತ್ಯವನ್ನು ಒಪ್ಪಿಕೊಂಡದ್ದರಿಂದ.

ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. 2023ರ ಆಗಸ್ಟಿನಲ್ಲಿ ಪಾರ್ಲಿಮೆಂಟು ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯೊಂದನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಲಮುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ವಾಯಿದೆ ಇಟ್ಟಿದ್ದಾರೆ. ಈ ಕಾಯ್ದೆಯ 7ನೆಯ ಕಲಮು ಒಪ್ಪಿಗೆ ಇಲ್ಲದೆಯೂ ಮಾಹಿತಿಯನ್ನು ಬಳಸಬಹುದಾದ ಸಂದರ್ಭಗಳನ್ನು ಎಣಿಸುತ್ತದೆ. ಉದ್ಯೋಗದ ಉದ್ದೇಶಗಳು, ಮಾಲೀಕನನ್ನು ನಷ್ಟದಿಂದ ಅಥವಾ ಹೊಣೆಯಿಂದ ಕಾಪಾಡುವುದು ಇವೂ ಆ ಎಣಿಕೆಯಲ್ಲಿವೆ. ಹೊಣೆ ಎಂದರೇನು? ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡವನಿಗೆ ಕೊಡಬೇಕಾದ ಪರಿಹಾರವೂ ಮಾಲೀಕನ ಪಾಲಿಗೆ ಒಂದು ಹೊಣೆಯೇ ಅಲ್ಲವೆ? ವ್ಯಾಪಾರದ ಗುಟ್ಟು ಕದಿಯುವವರನ್ನು ತಡೆಯಲು ಆ ಮಾತು ಬರೆದಿದ್ದೇವೆಂದು ಸರ್ಕಾರ ಹೇಳಬಹುದು. ಮಾಲೀಕರ ವಕೀಲರು ಅದನ್ನು ಅಷ್ಟಕ್ಕೇ ನಿಲ್ಲಿಸುತ್ತಾರೆಂದು ನಂಬುವಷ್ಟು ಮುಗ್ಧರು ನಾವಲ್ಲ. ಇನ್ನೂ ಒಂದು ಸಂಗತಿ: 2011ರ ನಿಯಮಗಳಲ್ಲಿ ವೈದ್ಯಕೀಯ ದಾಖಲೆಗಳನ್ನು ಸೂಕ್ಷ್ಮ ಮಾಹಿತಿ ಎಂದು ಬೇರೆಯಾಗಿ ಹೆಸರಿಸಿದ್ದರು. 2023ರ ಕಾಯ್ದೆಯಲ್ಲಿ ಆ ಭೇದವೇ ಇಲ್ಲ. ಮನುಷ್ಯನ ರೋಗವೂ ಅವನ ಫೋನು ನಂಬರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ರೋಗದ ಸುದ್ದಿ ಮಾಲೀಕನಿಗೆ ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಊಹೆಯೇ ಬೇಕಿಲ್ಲ. 1997ರಲ್ಲಿ ಬೊಂಬಾಯಿ ಹೈಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂದಿತ್ತು. ಸಾರ್ವಜನಿಕ ವಲಯದ ನಿಗಮವೊಂದರಲ್ಲಿ ಬಿಡಿಗೂಲಿ ಮಾಡುತ್ತಿದ್ದವನೊಬ್ಬನ ವೈದ್ಯಕೀಯ ಪರೀಕ್ಷೆಯಲ್ಲಿ ಎಚ್.ಐ.ವಿ. ಸೋಂಕು ಕಂಡುಬಂತು. ಕೆಲಸ ಮಾಡುವ ಶಕ್ತಿ ಅವನಲ್ಲಿ ಚೆನ್ನಾಗಿಯೇ ಇತ್ತು. ಆದರೂ ಅವನಿಗೆ ಕೆಲಸ ತಪ್ಪಿತು. ದುಡಿಯಲು ಶಕ್ತನಾದವನನ್ನು, ಇತರರಿಗೆ ಅವನಿಂದ ಅಪಾಯವಿಲ್ಲದಿರುವಾಗ, ಸೋಂಕಿನ ಕಾರಣಕ್ಕೆ ಹೊರಗಿಡಕೂಡದೆಂದು ಕೋರ್ಟು ತೀರ್ಪು ಕೊಟ್ಟಿತು. ಮುಂದೆ 2017ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯೇ ಬಂದು, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸೋಂಕಿನ ವಿಷಯವನ್ನು ಹೊರಗೆಡಹುವುದನ್ನೂ ಅದಕ್ಕಾಗಿ ಕೆಲಸದಲ್ಲಿ ಭೇದ ಮಾಡುವುದನ್ನೂ ಅದು ನಿಷೇಧಿಸುತ್ತದೆ. ಒಂದು ರೋಗಕ್ಕೆ ಸಿಕ್ಕ ಈ ರಕ್ಷಣೆ ದಮ್ಮಿಗೆ, ಕ್ಷಯಕ್ಕೆ, ಮೂರ್ಛೆರೋಗಕ್ಕೆ, ಸಕ್ಕರೆ ಕಾಯಿಲೆಗೆ ಏಕೆ ಸಿಗಬಾರದು?

ಇನ್ನು ಕಳವಿನ ಮಾತು. ಬೀಗ ಹಾಕಿದ್ದೇವೆ ಎಂದ ಮಾತ್ರಕ್ಕೆ ಕಣಜ ಭದ್ರವಾಗುವುದಿಲ್ಲ. 2022ರ ನವೆಂಬರ್ 23ರಂದು ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲಿ ಒಂದಾದ ದೆಹಲಿಯ ಏಮ್ಸ್‌ನ ಕಂಪ್ಯೂಟರುಗಳ ಮೇಲೆ ದಾಳಿ ನಡೆಯಿತು. ಅನೇಕ ದಿನಗಳ ಕಾಲ ಅಲ್ಲಿಯ ವೈದ್ಯರು ಮತ್ತೆ ಕಾಗದ–ಪೆನ್ನು ಹಿಡಿಯಬೇಕಾಯಿತು. ಅಚ್ಚುಕಟ್ಟಿಗೆ ಹೆಸರಾದ ಸಿಂಗಪುರದಲ್ಲಿ ಎಚ್.ಐ.ವಿ. ಸೋಂಕಿದ್ದ 14,200 ಜನರ ಹೆಸರು, ವಿಳಾಸಗಳು ಹೊರಬಿದ್ದವೆಂದು 2019ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ತಿಳಿಸಿತು. ಅವರಲ್ಲಿ 8,800 ಮಂದಿ ಹೊರದೇಶದವರು. ಕಳೆದುಹೋದ ಹಣವನ್ನು ಮತ್ತೆ ಗಳಿಸಬಹುದು. ಹೊರಬಿದ್ದ ರೋಗದ ಸುದ್ದಿಯನ್ನು ಮತ್ತೆ ಒಳಗೆ ಹಾಕಲು ಬರುವುದಿಲ್ಲ.

ಇದು ಮಿಲ್ಲಿನವರ ಸಂಕಟ, ನಮಗೇನು ಎಂದು ಪೇಟೆಯ ಚಿಕ್ಕ ವ್ಯಾಪಾರಿ ಮಿತ್ರರು ಭಾವಿಸಬಾರದು. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಖಾನಾವಳಿ ನಡೆಸುವವರಿಗೆ ಇ.ಎಸ್.ಐ. ಇಲ್ಲ. ಅವರು ಸಾಲುಗಟ್ಟಿ ನಿಲ್ಲುವುದು ಖಾಸಗಿ ವಿಮೆಯ ಬಾಗಿಲಲ್ಲಿ. ಪಾಲಿಸಿ ಮಾಡಿಸುವಾಗ ಇರುವ ರೋಗವನ್ನು ಕೇಳುವುದು ಕಂಪನಿಯ ಹಕ್ಕು. ಕೇಳಿದ್ದಕ್ಕೆ ನಿಜ ಹೇಳುವುದು ನಮ್ಮ ಕರ್ತವ್ಯ. ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳುವುದು ಬೇರೆ, ಇಡೀ ಜೀವಮಾನದ ಆಸ್ಪತ್ರೆಯ ಪುಸ್ತಕವನ್ನು ಕಂಪನಿಯ ಮುಂದೆ ಬಿಚ್ಚಿಡುವುದು ಬೇರೆ. ಹಾಗೆ ಬಿಚ್ಚಿಟ್ಟರೆ ಹತ್ತು ವರ್ಷದ ಕೆಳಗೆ ಒಮ್ಮೆ ಎದೆ ನೋವೆಂದು ತೋರಿಸಿದ್ದ ಚೀಟಿಯೂ ಕ್ಲೇಮು ತಳ್ಳಿಹಾಕಲು ಕಾರಣವಾಗಬಹುದು. ನಾಳೆ ಸಾಲ ಕೊಡುವ ಸಂಸ್ಥೆಯೂ ಅದನ್ನೇ ಕೇಳಿದರೆ? ಅಂಗಡಿಯ ಯಜಮಾನನಿಗೆ ಹೃದಯದ ಕಾಯಿಲೆ ಇದೆಯೆಂದು ತಿಳಿದರೆ ಬಡ್ಡಿ ಏರಬಹುದು, ಸಾಲವೇ ನಿಲ್ಲಬಹುದು. ದೀಪಾವಳಿಯ ಸರಕು ತರುವುದು ಸಾಲದ ಮೇಲೆ ನಿಂತಿರುವವರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ದೇಶಗಳು ಈ ಗಂಟನ್ನು ಹೇಗೆ ಬಿಡಿಸಿಕೊಂಡಿವೆ ಎಂಬುದನ್ನು ನೋಡಬಹುದು. ಕಾರ್ಮಿಕನ ಕಿರುಪುಸ್ತಕವನ್ನು ಕಂಡಿದ್ದ ಅದೇ ಫ್ರಾನ್ಸಿನಲ್ಲಿ 1998ರಿಂದ ಆರೋಗ್ಯ ವಿಮೆಯ ಕಾರ್ಡು ನಡೆಯುತ್ತಿದೆ. ಅದರಲ್ಲಿ ವಿಮೆಯ ವಿವರವಿದೆ, ರೋಗದ ವಿವರವಿಲ್ಲ. ಜರ್ಮನಿಯ ಕಾರ್ಡಿನಲ್ಲಿ ತುರ್ತು ಸಮಯಕ್ಕೆ ಬೇಕಾದ ನಾಲ್ಕು ಮಾತನ್ನು ಬರೆಸಬಹುದು, ಆದರೆ ಕಾರ್ಡುದಾರ ಬಯಸಿದರೆ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಚಿಕಿತ್ಸೆಗೆ ಸಂಬಂಧವಿಲ್ಲದವರು ಆ ಮಾಹಿತಿಯನ್ನು ತೋರಿಸೆಂದು ಕಾರ್ಡುದಾರನನ್ನು ಕೇಳಲೇಕೂಡದು, ಅಂಥ ಕರಾರನ್ನೂ ಮಾಡಿಕೊಳ್ಳಕೂಡದು ಎಂದು ಅಲ್ಲಿಯ ಶಾಸನ ವಿಧಿಸಿದೆ. ಬಡವನ ಒಪ್ಪಿಗೆಯನ್ನು ಹಿಂಡಿ ತೆಗೆಯಬಹುದೆಂಬುದನ್ನು ಅರಿತ ಶಾಸನ ಅದು. ನಮ್ಮಲ್ಲಿ ಅಂಥದು ಏಕೆ ಆಗದು?

ಆಗಬೇಕೆಂದು ಕೇಳುವುದಕ್ಕೆ ನಮಗೆ ಗಟ್ಟಿಯಾದ ನೆಲವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಏರ್ಪಾಡನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಎತ್ತಿಹಿಡಿಯಿತಾದರೂ ಖಾಸಗಿ ಕಂಪನಿಗಳು ಅದನ್ನು ಮನಬಂದಂತೆ ಕೇಳುವುದಕ್ಕೆ ದಾರಿಯಾಗಿದ್ದ ಕಲಮನ್ನು ಕಿತ್ತುಹಾಕಿತು. ಆದರೆ ಕೋರ್ಟು ಸಾರಿದ ಹಕ್ಕು ಮಿಲ್ಲಿನ ಗೇಟಿನವರೆಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಕರೆತರುವ ಕೆಲಸ ಸಂಘಟನೆಯದು.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಮೊದಲನೆಯದಾಗಿ, ಮಾಲೀಕ, ಗುತ್ತಿಗೆದಾರ, ವಿಮೆಯ ಕಂಪನಿ, ಸಾಲ ಕೊಡುವ ಸಂಸ್ಥೆ ಇವರಲ್ಲಿ ಯಾರೂ ಒಬ್ಬನ ಆಭಾ ನಂಬರನ್ನಾಗಲಿ ಅದರ ಹಿಂದಿನ ದಾಖಲೆಗಳನ್ನಾಗಲಿ ತೋರಿಸೆಂದು ಒತ್ತಾಯಿಸುವುದು, ಅವನು ಒಪ್ಪಿದರೂ ಸಹ, ಶಿಕ್ಷಾರ್ಹವೆಂದು ಪಾರ್ಲಿಮೆಂಟು ಶಾಸನ ಮಾಡಬೇಕು. ಎರಡನೆಯದಾಗಿ, 2023ರ ಕಾಯ್ದೆಯ 7ನೆಯ ಕಲಮಿನಲ್ಲಿ ಮಾಲೀಕರಿಗೆ ಕೊಟ್ಟಿರುವ ವಿನಾಯಿತಿಯಿಂದ ಆರೋಗ್ಯದ ಮಾಹಿತಿಯನ್ನು ಹೊರಗಿಡಬೇಕು. ಮೂರನೆಯದಾಗಿ, ಕಾರ್ಖಾನೆಯ ವಾರ್ಷಿಕ ತಪಾಸಣೆಯ ಪೂರ್ಣ ವರದಿಯನ್ನು ಕನ್ನಡದಲ್ಲಿ ಬರೆದ ಸಾರಾಂಶದೊಡನೆ ಕೆಲಸಗಾರನ ಕೈಗೆ ಕೊಡಬೇಕು. ಮಾಲೀಕನಿಗೆ ಈ ಕೆಲಸಕ್ಕೆ ಇವನು ಯೋಗ್ಯ, ಅಥವಾ ದೂಳಿಲ್ಲದ ಖಾತೆಗೆ ಇವನನ್ನು ಬದಲಿಸಬೇಕು ಎಂಬ ಒಂದು ಸಾಲು ಸಾಕು. ನಾಲ್ಕನೆಯದಾಗಿ, ನಂಬರು ಇಲ್ಲವೆಂದು ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಚೀಟಿ ನಿರಾಕರಿಸುವುದಿಲ್ಲ, ತಡಮಾಡುವುದಿಲ್ಲ ಎಂಬ ಫಲಕವನ್ನು ಕಿಟಕಿಯ ಮೇಲೆಯೇ ಕನ್ನಡದಲ್ಲಿ ತೂಗುಹಾಕಬೇಕು. ಐದನೆಯದಾಗಿ, ನನ್ನ ದಾಖಲೆಯನ್ನು ಯಾರು, ಯಾವಾಗ ನೋಡಿದರು ಎಂದು ಕೇಳಿದವನಿಗೆ ಆಸ್ಪತ್ರೆಯಲ್ಲೇ ಕಾಗದದ ಮೇಲೆ ಉತ್ತರ ಸಿಗಬೇಕು. ಸ್ಮಾರ್ಟ್ ಫೋನು ಇದ್ದವನಿಗೆ ಮಾತ್ರ ಸಿಗುವ ಹಕ್ಕು ಹಕ್ಕಲ್ಲ.

ಶಾಸನ ಬರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕೆಲಸಕ್ಕೆ ಸೇರುವಾಗ ಕೊಡುವ ಅರ್ಜಿಯಲ್ಲಿ ಆಭಾ ನಂಬರಿನ ಕಲಮು ಇದ್ದರೆ ಅದನ್ನು ತುಂಬುವ ಮೊದಲು ಯೂನಿಯನ್ನಿನ ಕಚೇರಿಗೆ ತನ್ನಿ. ತಪಾಸಣೆ ಆದ ದಿನವೇ ವರದಿಯ ನಕಲನ್ನು ಕೇಳಿ ಪಡೆಯಿರಿ, ಎಕ್ಸ್‌ರೇ ಮತ್ತು ಶ್ವಾಸಪರೀಕ್ಷೆಯ ಹಾಳೆಗಳನ್ನು ಜೋಪಾನವಾಗಿಡಿ. ಪರಿಹಾರ ಕೇಳುವ ದಿನ ಅವೇ ನಿಮ್ಮ ಸಾಕ್ಷಿಗಳು. ಸಕ್ಕರೆ ಕಾಯಿಲೆ, ಒಗ್ಗದ ಔಷಧಿ ಇಂಥವನ್ನು ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಳ್ಳಿ. ಅದಕ್ಕೆ ಯಾವ ನಂಬರೂ ಬೇಡ. ಮಿಲ್ಲುಗಳ ಯೂನಿಯನ್ನುಗಳು ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಕೂಲಿ, ಬೋನಸ್ಸುಗಳ ಜೊತೆಗೆ ತಪಾಸಣೆಯ ವರದಿ ಯಾರಿಗೆ ಸೇರತಕ್ಕದ್ದು ಎಂಬುದನ್ನೂ ಒಂದು ಕಲಮಾಗಿ ಇಡಬೇಕು. ವರ್ತಕರ ಸಂಘದವರು ಅದೇ ಬೇಡಿಕೆಯನ್ನು ತಮ್ಮ ಕಡೆಯಿಂದ ವಿಮೆ ಮತ್ತು ಸಾಲದ ಬಗ್ಗೆ ಎತ್ತಬೇಕು. ಮಿಲ್ಲೂ ಪೇಟೆಯೂ ಕೂಡಿ ಕೇಳಿದರೆ ನಮ್ಮ ಶಾಸಕರಿಗೂ ಲೋಕಸಭೆಯ ಸದಸ್ಯರಿಗೂ ಕೇಳಿಸದೆ ಇರದು.

ಮೈಬೆವರು ಹರಿಸಿ ದುಡಿದು ರೋಗವನ್ನು ಪಡೆದವನು ಕೆಲಸಗಾರ. ಆ ರೋಗದ ಲೆಕ್ಕವೂ ಅವನದೇ. ಅದನ್ನು ತೋರಿಸುವ ಹಕ್ಕು, ತೋರಿಸದಿರುವ ಹಕ್ಕು ಎರಡೂ ಅವನ ಕೈಯಲ್ಲಿ ಇರುವುದಾದರೆ ಮಾತ್ರ ನಾವು ಈ ಕಾರ್ಡನ್ನು ಸ್ವಾಗತಿಸುತ್ತೇವೆ.